ಹೊಸಿಲಾಚೆ ನಿಂತ ರಕ್ತಪಿಶಾಚಿ: ಐದು ರಾತ್ರಿ, 16,870 ರೂಪಾಯಿ, ಅಳಿಸಿಹೋದ ಏಳು ಟೇಕ್

ಕಳೆದ ವಾರ ನಮ್ಮ ಕಿರುಚಿತ್ರದ ಕೊನೆಯ ಫೈಲ್ ರೆಡಿ ಆಯಿತು. ಉದ್ದ 13 ನಿಮಿಷ 40 ಸೆಕೆಂಡ್. ಹೆಸರು ‘ಹೊಸಿಲಾಚೆ’. ತಿಪಟೂರಿನ ಹತ್ತಿರ ಒಂದು ಹಳೇ ಹೆಂಚಿನ ಮನೆ, ಒಬ್ಬ ಅಜ್ಜಿ, ಬಾಗಿಲಲ್ಲಿ ನಿಂತ ಒಬ್ಬ ರಕ್ತಪಿಶಾಚಿ. ಇಷ್ಟೇ ಸಿನಿಮಾ. ಯಾವ ದಿನ ಏನು ಮಾಡಿದೆವು, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅನ್ನೋದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೆ. ಕೈಯಲ್ಲಿ ಫೋನ್ ಬಿಟ್ಟು ಬೇರೇನೂ ಇಲ್ಲದೆ ಸಿನಿಮಾ ಮಾಡೋಕೆ ಹೊರಟವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಎಲ್ಲಾ ಓದೋಕೆ ಪುರುಸೊತ್ತಿಲ್ಲದಿದ್ದರೆ ನವೆಂಬರ್ 23ರ ಭಾಗವನ್ನಾದರೂ ಓದಿ.

ಅಕ್ಟೋಬರ್ 12ರಿಂದ 30: ಕಥೆ

ಬರೆದವರು ಇಬ್ಬರು. ನಾನು, ನನ್ನ ಗೆಳೆಯ. ಅವನಿಗೆ ಹಗಲು ಬ್ಯಾಂಕ್ ಕೆಲಸ, ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲೇ ಕೂತು ಬರೆದೆವು.

ಎಳೆ ಸಿಕ್ಕಿದ್ದು ಹೀಗೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಲ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ, ಈ ಬರಹ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದರೂ ಮತ್ತೆ ಅದೇ ಓದಿ ಹೋಗುತ್ತೆ ಅನ್ನೋ ನಂಬಿಕೆ. ಇನ್ನೊಂದು ಕಡೆ ರಕ್ತಪಿಶಾಚಿಗಳಿಗೆ ಒಂದು ಕಟ್ಟುಪಾಡಿದೆ. ಮನೆಯವರು ಯಾರಾದರೂ ಕರೆಯದೆ ಅವು ಮೊದಲ ಸಲ ಒಳಗೆ ಕಾಲಿಡುವಂತಿಲ್ಲ. 1897ರಲ್ಲಿ ಬಂದ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ದಲ್ಲೇ ಇದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗೆಳೆಯ ಹೇಳಿದ: “ದೆವ್ವಕ್ಕೆ ಅದು ಬೇಡ ಅನ್ನೋ ಮಾತು. ಆದ್ರೆ ರಕ್ತಪಿಶಾಚಿಗೆ ಅದು ಆಹ್ವಾನ ಅಲ್ವಾ? ನಾಳೆ ಬಾ ಅಂದ್ರೆ ನಾಳೆ ಬಾ ಅಂತಾನೇ.” ಅಲ್ಲಿಗೆ ಕಥೆ ಆಯಿತು. ಬಾಗಿಲ ಮೇಲಿನ ಬರಹ ನೋಡಿ ಅವನು ಸಂತೋಷದಿಂದ ದಿನಾ ಸಂಜೆ ಬರುತ್ತಾನೆ. ದಿನಾ ಅದೇ ಬರಹ. ದಿನಾ ಜಗಲಿಯಲ್ಲೇ ಕಾಯುತ್ತಾನೆ.

ಈ ಥರದ ಹಾಸ್ಯಕ್ಕೆ ನಮಗೆ ದಾರಿ ತೋರಿಸಿದ್ದು ನ್ಯೂಜಿಲೆಂಡಿನ ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’. ಟೈಕಾ ವೈಟಿಟಿ ಮತ್ತು ಜೆಮೇನ್ ಕ್ಲೆಮೆಂಟ್ ಇಬ್ಬರೇ ಬರೆದು, ಇಬ್ಬರೇ ನಿರ್ದೇಶಿಸಿ, ಇಬ್ಬರೂ ನಟಿಸಿದ ಸಿನಿಮಾ. ಮೊದಲು ಅದನ್ನು ಕಿರುಚಿತ್ರವಾಗಿ ಮಾಡಿದ್ದರು. ಆಮೇಲೆ 2012ರಲ್ಲಿ ವೆಲಿಂಗ್ಟನ್‌ನಲ್ಲಿ ದೊಡ್ಡದಾಗಿ ಚಿತ್ರೀಕರಿಸಿ 2014ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಬಜೆಟ್ ಸುಮಾರು 16 ಲಕ್ಷ ಡಾಲರ್. ಅವರ ಲೆಕ್ಕದಲ್ಲಿ ಅದು ಕಡಿಮೆ ದುಡ್ಡು. ಅದರಲ್ಲಿ ನೂರಾರು ವರ್ಷದ ರಕ್ತಪಿಶಾಚಿಗಳು ಒಂದೇ ಮನೆಯಲ್ಲಿ ಬಾಡಿಗೆಗಿರುತ್ತವೆ. ಪಾತ್ರೆ ತೊಳೆಯೋ ಪಾಳಿ ಯಾರದು ಅಂತ ಜಗಳ ಆಡುತ್ತವೆ. ಪಿಶಾಚಿಯನ್ನು ಮನೆಗೆಲಸದ ಪಕ್ಕ ತಂದು ನಿಲ್ಲಿಸಿದರೆ ಸಾಕು, ನಗು ತಾನಾಗೇ ಬರುತ್ತೆ ಅನ್ನೋದನ್ನು ಅಲ್ಲಿಂದ ಕಲಿತೆವು.

ಮೊದಲ ಸ್ಕ್ರಿಪ್ಟ್ 22 ಪುಟ ಆಯಿತು. ಬಾವಲಿ ಹಾರೋದು, ಸ್ಮಶಾನ, ಊರವರ ಪಂಜಿನ ಮೆರವಣಿಗೆ ಎಲ್ಲಾ ಇತ್ತು. ಎರಡು ವಾರ ಆದ ಮೇಲೆ ಎಲ್ಲಾ ತೆಗೆದು 9 ಪುಟಕ್ಕೆ ಇಳಿಸಿದೆವು. ಒಂದು ಜಗಲಿ, ಒಂದು ಬಾಗಿಲು, ಇಬ್ಬರು ಮನುಷ್ಯರು. ಕೊನೆಯಲ್ಲಿ ಅಜ್ಜಿ ಹೆದರಿ ಕಿರುಚಿ ಬಾಗಿಲು ಹಾಕಿಕೊಳ್ಳಬೇಕು, ಅವನು ಬೇಜಾರಿನಿಂದ ಹೊರಡಬೇಕು ಅಂತ ಬರೆದಿದ್ದೆವು. ಈ ಕೊನೆ ಉಳಿಯಲಿಲ್ಲ.

ನವೆಂಬರ್ 2: ಪಾತ್ರಕ್ಕೆ ಜನ

ಪಿಶಾಚಿಯ ಪಾತ್ರಕ್ಕೆ ಸಿಕ್ಕಿದ್ದು ಹವ್ಯಾಸಿ ನಾಟಕ ಮಾಡುವ ಹುಡುಗ. ಹಗಲು ಕೊಬ್ಬರಿ ಮಂಡಿಯಲ್ಲಿ ಕೆಲಸ. ಎತ್ತರ, ಸಣಕಲು, ದೊಡ್ಡ ಕಣ್ಣು. ಅಜ್ಜಿಯಾಗಿ ನಮ್ಮ ದೊಡ್ಡಮ್ಮ. ವಯಸ್ಸು 74. ಮನೆಯೂ ಅವರದ್ದೇ. ಜನ್ಮದಲ್ಲಿ ಕ್ಯಾಮೆರಾ ಮುಂದೆ ನಿಂತವರಲ್ಲ.

ದೊಡ್ಡಮ್ಮನಿಗೆ ಸ್ಕ್ರಿಪ್ಟ್ ಕೊಡೋದು ಬೇಡ ಅಂತ ತೀರ್ಮಾನ ಮಾಡಿದೆವು. ಇದೂ ವೆಲಿಂಗ್ಟನ್ ಸಿನಿಮಾದಿಂದ ಬಂದ ಪಾಠ. ಅಲ್ಲಿ ಸ್ಟೂ ಅನ್ನೋ ಪಾತ್ರ ಇದೆ. ಆ ಮನೆಯ ಪಿಶಾಚಿಗಳೆಲ್ಲ ಇಷ್ಟಪಡುವ, ಜಾಸ್ತಿ ಮಾತಾಡದ ಮನುಷ್ಯ. ಅದನ್ನು ಮಾಡಿದ ಸ್ಟೂ ರುದರ್‌ಫರ್ಡ್ ನಿಜವಾಗಿಯೂ ಕಂಪ್ಯೂಟರ್ ಕೆಲಸದವರು, ನಟರಲ್ಲ. ಸಣ್ಣ ಪಾತ್ರ ಅಂತಷ್ಟೇ ಅವರಿಗೆ ಹೇಳಿದ್ದರಂತೆ. ಸಿನಿಮಾ ನೋಡಿದವರಿಗೆ ಅವರ ಮುಖ ಮರೆಯಲ್ಲ. ಬರೆದವರು ಚಿತ್ರಕಥೆ ಬರೆದುಕೊಂಡಿದ್ದರೂ ನಟರಿಗೆ ಓದೋಕೆ ಕೊಡದೆ, ಸಂದರ್ಭ ಮಾತ್ರ ಹೇಳಿ ಮಾತಾಡಿಸಿದ್ದರು. ನಾವೂ ದೊಡ್ಡಮ್ಮನಿಗೆ ಹೇಳಿದ್ದು ಇಷ್ಟೇ: “ಸಂಜೆ ಒಬ್ಬ ಹುಡುಗ ಬಾಗಿಲಿಗೆ ಬರ್ತಾನೆ. ನೀನು ಮಾತಾಡ್ಸು.”

ನವೆಂಬರ್ 9 ಮತ್ತು 10: ಹಲ್ಲು

ಮೊದಲು ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಹಲ್ಲು ತಂದೆ. ಒಂದಕ್ಕೆ 40 ರೂಪಾಯಿ, ಎರಡು. ಬಾಯಿ ಮುಚ್ಚೋಕೇ ಆಗಲ್ಲ. ಜೊಲ್ಲು ಸುರಿಯುತ್ತೆ. ಒಂದು ವಾಕ್ಯ ಕೂಡ ಸರಿಯಾಗಿ ಬರಲಿಲ್ಲ.

ಎರಡನೇ ಸಲ ಬಿಸಿನೀರಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಮಣಿ ತರಿಸಿದೆ. 460 ರೂಪಾಯಿ. ಇವು 60 ಡಿಗ್ರಿ ದಾಟಿದ ನೀರಿಗೆ ಬಿದ್ದರೆ ಬಿಳಿ ಹೋಗಿ ಪಾರದರ್ಶಕ ಆಗುತ್ತವೆ. ಆಗ ತೆಗೆದು ಹಿಟ್ಟಿನ ಥರ ನಾದಬೇಕು. ಅವರೆಕಾಳಿನಷ್ಟು ಉಂಡೆ ಮಾಡಿ, ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ, ಕೋರೆಹಲ್ಲಿನ ಮೇಲೆ ಒತ್ತಬೇಕು. ಆಮೇಲೆ ತಣ್ಣೀರು ಮುಕ್ಕಳಿಸಿದರೆ ಗಟ್ಟಿ ಆಗುತ್ತೆ. ಮುಂದಿನ ಚೂಪಿಗೆ ಉಗುರಿಗೆ ಅಂಟಿಸುವ ಅಕ್ರಿಲಿಕ್ ತುದಿ ಬಳಸಿದೆ. ಒಂದು ಪ್ಯಾಕ್ 150 ರೂಪಾಯಿ. ತುದಿಯನ್ನು ಮೆತ್ತಗಿರುವ ಮಣಿಯೊಳಗೇ ಚುಚ್ಚಿ ಕೂರಿಸಿದೆ. ಅಂಟು ಹಾಕಲಿಲ್ಲ. ಬಾಯೊಳಗೆ ಹೋಗುವ ಯಾವುದಕ್ಕೂ ಅಂಟು ಬೇಡವೇ ಬೇಡ.

ಇಲ್ಲಿ ಆದ ತಪ್ಪು ಅಳತೆಯದ್ದು. ಕೋರೆಹಲ್ಲಿನ ಕೆಳಗೆ 7 ಮಿಲಿಮೀಟರ್ ಇಳಿಯುವಂತೆ ಮಾಡಿದೆ. ಫೋಟೋದಲ್ಲಿ ಭರ್ಜರಿ ಕಾಣಿಸಿತು. ಮಾತಾಡಿಸಿದರೆ ಕೆಳತುಟಿಗೆ ಚುಚ್ಚುತ್ತಿತ್ತು. ‘ಸ’ ಮತ್ತು ‘ಶ’ ಎರಡೂ ಒಂದೇ ಥರ ಸೀಟಿ ಹೊಡೆದಂತೆ ಬರುತ್ತಿದ್ದವು. ನೆಯಿಲ್ ಫೈಲಿನಿಂದ ಉಜ್ಜಿ 5ಕ್ಕೆ ಇಳಿಸಿದೆ, ಆಮೇಲೆ 4ಕ್ಕೆ. 4 ಮಿಲಿಮೀಟರಿನಲ್ಲಿ ಮಾತು ಸ್ಪಷ್ಟ ಆಯಿತು. ಇನ್ನೊಂದು ವಿಷಯವೂ ಗೊತ್ತಾಯಿತು. ಸಣ್ಣ ಹಲ್ಲು ಮಾತಾಡುವಾಗ ಕಾಣಲ್ಲ, ನಕ್ಕಾಗ ಮಾತ್ರ ಕಾಣುತ್ತೆ. ನಮ್ಮ ಕಥೆಗೆ ಅದೇ ಬೇಕಿತ್ತು.

ನವೆಂಬರ್ 16: ರಕ್ತ

ಅವನ ಕೈಯಲ್ಲಿ ಸದಾ ಒಂದು ಸ್ಟೀಲ್ ಫ್ಲಾಸ್ಕ್. ಒಂದು ದೃಶ್ಯದಲ್ಲಿ ಅದು ಜಗಲಿಯ ಮೇಲೆ ಚೆಲ್ಲಬೇಕು.

ಬೀಟ್‌ರೂಟ್ ರಸ ಮಾಡಿ ನೋಡಿದೆವು. ಹಳದಿ ಬಲ್ಬಿನ ಕೆಳಗೆ ಶರಬತ್ತಿನ ಹಾಗೆ ಕಂಡಿತು. ಆಮೇಲೆ ಸಕ್ಕರೆ ಪಾಕ 200 ಮಿಲಿ, ತಿಂಡಿಗೆ ಹಾಕುವ ಕೆಂಪು ಬಣ್ಣ ಒಂದು ಟೀ ಚಮಚ, ಕೋಕೋ ಪುಡಿ ಅರ್ಧ ಚಮಚ, ಒಂದು ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ ಕುದಿಸಿ ಆರಿಸಿದೆವು. ಕೋಕೋ ಹಾಕಿದ ತಕ್ಷಣ ಬಣ್ಣ ನಿಜದ ಥರ ಮಂಕಾಯಿತು. ಇದೇ ಉಳಿಯಿತು.

ಚೆಲ್ಲಿದಾಗ ಇನ್ನೊಂದು ತೊಂದರೆ. ದೊಡ್ಡಮ್ಮನ ಜಗಲಿ ರೆಡ್ ಆಕ್ಸೈಡ್ ನೆಲ. ಕೆಂಪಿನ ಮೇಲೆ ಕೆಂಪು, ಏನೂ ಕಾಣಿಸಲಿಲ್ಲ. ನೀರು ಚೆಲ್ಲಿದಂತೆ ಹೊಳೆಯಿತು ಅಷ್ಟೇ. ಅರ್ಧ ಗಂಟೆ ತಲೆ ಕೆಡಿಸಿಕೊಂಡು ಕೂತಿದ್ದೆವು. ತಂಗಿ ಎದ್ದು ಹೋಗಿ ರಂಗೋಲಿ ಡಬ್ಬ ತಂದು ಅಲ್ಲೇ ಒಂದು ದೊಡ್ಡ ರಂಗೋಲಿ ಬಿಟ್ಟಳು. ರಕ್ತ ಬಿಳಿ ಎಳೆಗಳ ಮೇಲೆ ಹರಿದು ಒಂದೊಂದೇ ಚುಕ್ಕಿಯನ್ನು ಸುತ್ತಿಕೊಂಡು ಹೋಯಿತು. ದೊಡ್ಡಮ್ಮ ರಕ್ತವನ್ನು ಗಮನಿಸಲೇ ಇಲ್ಲ. “ಅಯ್ಯೋ, ಈಗಿನ್ನೂ ಹಾಕಿದ ರಂಗೋಲಿ!” ಅಂದರು. ಅದು ಹಾಗೇ ಸಿನಿಮಾದಲ್ಲಿದೆ.

ಮಿಕ್ಕ ರಕ್ತವನ್ನು ಮುಚ್ಚದೆ ಮಲಗಿದ್ದು ತಪ್ಪಾಯಿತು. ಬೆಳಿಗ್ಗೆ ಪಾತ್ರೆ, ಫ್ಲಾಸ್ಕ್, ಅವನ ಪಂಚೆ ಎಲ್ಲದಕ್ಕೂ ಇರುವೆ. ಪಂಚೆಯ ಕಲೆ ಮೂರು ಸಲ ಒಗೆದರೂ ಹೋಗಲಿಲ್ಲ. ಆಮೇಲೆ ಬಟ್ಟೆ ಮೇಲೆ ಬೀಳುವ ರಕ್ತಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ ಬೆರೆಸಿದೆವು. ಆಗ ಕಲೆ ಸಲೀಸಾಗಿ ಬಿಡುತ್ತೆ. ಅದನ್ನು ಬಾಯಿಗೆ ಹಾಕಬಾರದು ಅನ್ನೋ ಕಾರಣಕ್ಕೆ ಎರಡು ಬಾಟಲಿಗೂ ಚೀಟಿ ಅಂಟಿಸಿ ಬೇರೆಬೇರೆ ಇಟ್ಟೆವು.

ನವೆಂಬರ್ 17: ಬಟ್ಟೆ, ಬೆಳಕು, ಸದ್ದು

ಮೇಲಂಗಿಗೆ ಕಪ್ಪು ಲೈನಿಂಗ್ ಬಟ್ಟೆ 5 ಮೀಟರ್, ಮೀಟರಿಗೆ 80. ಹೊಲಿಗೆ 350. ಈ 750 ರೂಪಾಯಿ ಪೂರ್ತಿ ವ್ಯರ್ಥ. ಅವನು ಕೈ ಎತ್ತಿದರೆ ಸಾಕು, ಬಟ್ಟೆಯ ಸರಸರ ಸದ್ದು ಮೈಕಿನಲ್ಲಿ ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ಮೈಕ್ ಎಲ್ಲಿ ಸಿಕ್ಕಿಸಿದರೂ ಅದೇ ಕಥೆ. ಚಳಿಗೆ ಅಂತ ದೊಡ್ಡಮ್ಮ ಅವನಿಗೆ ಒಂದು ಕರಿ ಕಂಬಳಿ ಹೊದೆಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾರವಾಗಿ ಇಳಿಬಿದ್ದಿತ್ತು, ಒಂದಿಷ್ಟೂ ಸದ್ದಿಲ್ಲ, ಬೆಳಕನ್ನೆಲ್ಲ ಹೀರಿಕೊಳ್ಳುತ್ತಿತ್ತು. ನಮ್ಮೂರಿನ ಪಿಶಾಚಿಗೆ ಕಂಬಳಿಯೇ ಸರಿ.

ಬೆಳಕಿಗೆ 9 ವಾಟಿನ ಎಲ್‌ಇಡಿ ಬಲ್ಬ್ ಮೂರು, ಹೋಲ್ಡರ್, ವೈರು, ನೀಲಿ ಜಿಲೇಟಿನ್ ಪೇಪರ್. ಹೊರಗೆ ತೆಂಗಿನ ಮರಕ್ಕೆ ಕಟ್ಟಿದ ನೀಲಿ ಬಲ್ಬ್ ಬೆಳದಿಂಗಳು. ಬಾಗಿಲೊಳಗೆ ಹಳದಿ ಬಲ್ಬ್. ಮುಖಕ್ಕೆ ಥರ್ಮಕೋಲ್ ಹಲಗೆಯಿಂದ ತಿರುಗಿಸಿದ ಬೆಳಕು. ಮೊದಲ ಟೆಸ್ಟಿನಲ್ಲಿ ಪರದೆ ತುಂಬ ಅಡ್ಡ ಪಟ್ಟಿ ಓಡಾಡಿದವು. ಫೋನ್ ಸೆಕೆಂಡಿಗೆ 30 ಫ್ರೇಮಿನಲ್ಲಿತ್ತು, ನಮ್ಮ ಕರೆಂಟು 50 ಹರ್ಟ್ಸ್, ಎರಡಕ್ಕೂ ತಾಳ ಕೂಡುತ್ತಿರಲಿಲ್ಲ. ಕ್ಯಾಮೆರಾ ಆ್ಯಪ್‌ನಲ್ಲಿ 25 ಫ್ರೇಮ್, ಶಟರ್ 1/50 ಇಟ್ಟು, ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿದ ಮೇಲೆ ಸರಿಹೋಯಿತು.

ಮಂಜಿಗೆ ಸಾಂಬ್ರಾಣಿ ಹಾಕಿದೆವು. ಚೆನ್ನಾಗೇ ಬಂತು, ಆದರೆ ದೊಡ್ಡಮ್ಮನಿಗೆ ಕೆಮ್ಮು ಶುರುವಾಯಿತು. ಅವತ್ತೇ ನಿಲ್ಲಿಸಿದೆವು. ಅವರಿಲ್ಲದ ಶಾಟ್‌ಗಳಲ್ಲಿ ಮಾತ್ರ ಬಳಸಿದೆವು.

ಸದ್ದನ್ನು ತಂಗಿ ನೋಡಿಕೊಂಡಳು. 1,150 ರೂಪಾಯಿಯ ಕಾಲರ್ ಮೈಕ್ ಅವಳ ಫೋನಿಗೆ ಹಾಕಿ, ಸದ್ದನ್ನು ಬೇರೆಯಾಗಿಯೇ ರೆಕಾರ್ಡ್ ಮಾಡುತ್ತಿದ್ದಳು. ಪ್ರತಿ ಟೇಕಿಗೂ ಚಪ್ಪಾಳೆ ಹೊಡೆದು ನಂಬರ್ ಹೇಳೋದು. ಅದರ ಸದ್ದು ಮೈಕಿಗೆ ಬೀಳದಿರಲಿ ಅಂತ ಫ್ರಿಜ್ ಆಫ್ ಮಾಡಿದಾಗಲೆಲ್ಲ ನನ್ನ ಬೈಕಿನ ಕೀ ಅದರೊಳಗೆ ಇಡುತ್ತಿದ್ದಳು. ಮನೆಗೆ ಹೊರಡೋಕೆ ಕೀ ತೆಗೆಯಲೇಬೇಕು, ಆಗ ಫ್ರಿಜ್ ಆನ್ ಮಾಡೋದು ಮರೆಯಲ್ಲ. ಹೀಗೆ ಸದ್ದನ್ನು ಬೇರೆ ಫೋನಿನಲ್ಲಿ ಇಟ್ಟಿದ್ದೇ ಮುಂದೆ ಸಿನಿಮಾವನ್ನು ಉಳಿಸಿತು.

ನವೆಂಬರ್ 23: ಮೊದಲ ರಾತ್ರಿ

ಸಂಜೆ ಆರಕ್ಕೆ ಸೂರ್ಯ ಮುಳುಗಿತು. ಆರೂಮುಕ್ಕಾಲಿಗೆ ಮೊದಲ ಟೇಕ್. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’. ಅವನು ಕಂಬಳಿ ಹೊದ್ದು ಬಂದು, ಬರಹ ಓದಿ, ಬಾಗಿಲು ತಟ್ಟಬೇಕು. ಅಜ್ಜಿ ಬಾಗಿಲು ತೆಗೆದು, ಅವನನ್ನು ಹೊರಗೇ ನಿಲ್ಲಿಸಿ ಮಾತಾಡಿಸಬೇಕು. ಅವಳು ಅಪ್ಪಿತಪ್ಪಿಯೂ ಒಳಗೆ ಕರೆಯಬಾರದು. ಕರೆದರೆ ಕಥೆ ಅಲ್ಲೇ ಮುಗಿಯಿತಲ್ಲ.

ದೊಡ್ಡಮ್ಮ ಬಾಗಿಲು ತೆಗೆದರು. ಕತ್ತಲಲ್ಲಿ ಅವನ ಮುಖ ಹುಡುಕಿದರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಸೆರಗು. “ಯಾರಪ್ಪಾ… ಕತ್ಲಲ್ಲಿ ನಿಂತಿದ್ದೀಯ? ಬಾ, ಒಳಗ್ ಬಾ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಆಯ್ತಾ?” ಅಂದರು.

ನಾನು ಕಟ್ ಅಂದೆ.

“ದೊಡ್ಡಮ್ಮಾ, ಒಳಗೆ ಬಾ ಅನ್ಬೇಡ. ಅವ್ನು ಹೊರಗೇ ಇರ್ಬೇಕು.”

“ಬಾಗ್ಲಿಗೆ ಬಂದೋರ್ನ ಒಳಗ್ ಬಾ ಅನ್ದೆ ಇನ್ನೇನ್ ಅನ್ಲೋ ಮಗಾ?”

ಎರಡನೇ ಟೇಕ್. ಮತ್ತೆ “ಬಾಪ್ಪಾ ಒಳಗೆ”. ಮೂರನೇದರಲ್ಲಿ ನೆನಪಿಸಿಕೊಂಡು ತಡೆದರು, ಆದರೆ ಕೈ ತಾನಾಗೇ ಒಳಗೆ ಕರೆಯಿತು. ಏಳು ಟೇಕ್ ಹೀಗೇ ಹೋದವು. ಎಂಟನೇದರಲ್ಲಿ ನಾನು ಹೇಳಿಕೊಟ್ಟ ಮಾತನ್ನು ಸರಿಯಾಗಿ ಹೇಳಿದರು. ನಾನು ಓಕೆ ಅಂದೆ.

ಒಂಬತ್ತೂವರೆಗೆ ಫೋನ್ ತುಂಬಿತು. ಎಲ್ಲರೂ ಊಟಕ್ಕೆ ಕೂತಿದ್ದರು. ನಾನು ಜಗಲಿಯಲ್ಲಿ ಕೂತು, ಕೆಟ್ಟ ಟೇಕ್ ಅಂತ ಆ ಏಳನ್ನೂ ಡಿಲೀಟ್ ಮಾಡಿದೆ. ಜಾಗ ಖಾಲಿಯಾಗಲಿಲ್ಲ, ಅವು ಟ್ರ್ಯಾಷ್‌ನಲ್ಲಿ ಕೂತಿದ್ದವು. ಅದನ್ನೂ ಖಾಲಿ ಮಾಡಿದೆ.

ರಾತ್ರಿ ಒಂದು ಗಂಟೆಗೆ ಲ್ಯಾಪ್‌ಟಾಪಿನಲ್ಲಿ ಎಂಟನೇ ಟೇಕ್ ನೋಡಿದೆ. ದೊಡ್ಡಮ್ಮ ಶಾಲೆ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ನಿಂತಿದ್ದರು. ಕೈ ಎರಡೂ ಕೆಳಗೆ. ಕಣ್ಣು ನನ್ನ ಕಡೆ. ಮೊದಲ ಟೇಕಿನ ಆ ಮುಖ ಎಲ್ಲೂ ಇರಲಿಲ್ಲ. ಆಗ ಹೊಳೆಯಿತು. ನಮ್ಮ ಕಥೆಗೆ ಬೇಕಾದ ಕೊನೆ ಅದೇ ಆಗಿತ್ತು. ದಿನಗಟ್ಟಲೆ ಬಾಗಿಲಲ್ಲಿ ಕಾದವನನ್ನು ಒಬ್ಬ ಅಜ್ಜಿ ಏನೂ ಯೋಚಿಸದೆ ಒಳಗೆ ಕರೆದು ಊಟ ಆಯ್ತಾ ಅಂತ ಕೇಳೋದು. ನಾವು ಎರಡು ವಾರ ಕೂತು ಬರೆದ ಕಿರುಚಾಟಕ್ಕಿಂತ ಅದು ಎಷ್ಟೋ ಮೇಲು. ಅದನ್ನು ಅಳಿಸಿದ್ದು ನಾನೇ.

ಬೆಳಗಿನ ತನಕ ವಾಪಸ್ ತರೋಕೆ ನೋಡಿದೆ. ಎರಡು ರಿಕವರಿ ಸಾಫ್ಟ್‌ವೇರ್ ಹಾಕಿದೆ. ಈಗಿನ ಫೋನ್‌ಗಳ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುತ್ತೆ, ಟ್ರ್ಯಾಷ್ ಖಾಲಿ ಮಾಡಿದ ಮೇಲೆ ಸಿಗಲ್ಲ. ಹಳೇ ಫೋಟೋಗಳ ಸಣ್ಣ ಚಿತ್ರಗಳು ಬಂದವು, ವಿಡಿಯೋ ಒಂದೂ ಬರಲಿಲ್ಲ. ಬೆಳಿಗ್ಗೆ ಗೆಳೆಯನಿಗೆ ಹೇಳುವಾಗ ದನಿ ಹೊರಡಲಿಲ್ಲ. ಅವನು ಬೈಯಲಿಲ್ಲ. “ಮೊದ್ಲು ಪೆನ್‌ಡ್ರೈವ್ ತಗೊಂಬಾ” ಅಂದ. 64 ಜಿಬಿ, ಫೋನಿಗೆ ನೇರ ಸಿಕ್ಕಿಸುವಂಥದ್ದು, 750 ರೂಪಾಯಿ. ಅವತ್ತಿನಿಂದ ದಿನಾ ರಾತ್ರಿ ಎಲ್ಲಾ ಟೇಕ್, ಕೆಟ್ಟದ್ದೂ ಸೇರಿ, ಕಾಪಿ. ಸಿನಿಮಾ ಮುಗಿಯುವ ತನಕ ಯಾವುದನ್ನೂ ಅಳಿಸಬಾರದು.

ವೆಲಿಂಗ್ಟನ್‌ನವರು 120 ಗಂಟೆಗೂ ಹೆಚ್ಚು ಚಿತ್ರೀಕರಿಸಿ ಅದರಿಂದ 86 ನಿಮಿಷ ತೆಗೆದರು. ಆ ಅಂಕಿ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಏಳು ಟೇಕ್ ಇಟ್ಟುಕೊಳ್ಳಲಿಲ್ಲ.

ನವೆಂಬರ್ 24 ಮತ್ತು 30: ಕನ್ನಡಿ

ಜಗಲಿಯ ಗೋಡೆಗೆ ಒಂದು ಕನ್ನಡಿ. ಅಜ್ಜಿ ಅವನಿಗೆ ಬಾಚಣಿಗೆ ಕೊಟ್ಟು “ತಲೆ ಬಾಚ್ಕೋ” ಅನ್ನುತ್ತಾಳೆ. ಕನ್ನಡಿಯಲ್ಲಿ ಅವಳು ಕಾಣುತ್ತಾಳೆ, ಅವನಿಲ್ಲ. ಕನ್ನಡಿ ಮಂಕಾಗಿದೆ ಅಂದುಕೊಂಡು ಅವಳು ಸೆರಗಿನಿಂದ ಒರೆಸುತ್ತಾಳೆ. ಕನ್ನಡಿಯಲ್ಲಿ ಬಿಂಬ ಇಲ್ಲದ ಪಿಶಾಚಿಗಳು ಬಟ್ಟೆ ಹೇಗಿದೆ ಅಂತ ತಿಳಿಯೋಕೆ ಒಬ್ಬರ ಚಿತ್ರ ಒಬ್ಬರು ಬರೆದು ತೋರಿಸೋದು ವೆಲಿಂಗ್ಟನ್ ಸಿನಿಮಾದಲ್ಲಿದೆ. ನಮಗೆ ಕನ್ನಡಿಯನ್ನೇ ತೋರಿಸುವ ಆಸೆ. ಕನ್ನಡಿ 45 ಸೆಂಟಿಮೀಟರ್ ಅಗಲ, 60 ಎತ್ತರ, 900 ರೂಪಾಯಿ.

ಮೊದಲ ಪ್ರಯತ್ನ: ಕನ್ನಡಿಯ ಮೇಲೆ ಹಸಿರು ಬಟ್ಟೆ ಅಂಟಿಸಿ, ಬಿಂಬವನ್ನು ಬೇರೆ ತೆಗೆದು ಆಮೇಲೆ ಸೇರಿಸೋದು. ಬಟ್ಟೆಗೆ 240 ರೂಪಾಯಿ. ದೊಡ್ಡಮ್ಮನ ಬಿಳಿ ಕೂದಲಿಗೆಲ್ಲ ಹಸಿರು ಬಡಿಯಿತು. ಬೇರೆ ತೆಗೆದ ಬಿಂಬದ ಕೈ ಒಂದು ಕಡೆ, ನಿಜವಾದ ಕೈ ಇನ್ನೊಂದು ಕಡೆ. ಬಿಟ್ಟೆವು.

ಎರಡನೇ ಪ್ರಯತ್ನ: ಟ್ರೈಪಾಡ್ ಅಲುಗಿಸದೆ ಎರಡು ಸಲ ತೆಗೆಯೋದು. ಒಂದು ಅವನಿದ್ದಾಗ, ಒಂದು ಯಾರೂ ಇಲ್ಲದಾಗ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅವನ ಬಿಂಬ ಇರುವ ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಸುತ್ತ ಗೆರೆ ಎಳೆದು ಅಷ್ಟನ್ನೇ ಮರೆಮಾಡಿ, ಖಾಲಿ ಕನ್ನಡಿ ತಂದು ಕೂರಿಸೋದು. ಚೆನ್ನಾಗೇ ಬಂತು, ದೊಡ್ಡಮ್ಮ ಒರೆಸೋಕೆ ಕೈ ಚಾಚುವ ತನಕ. ಮಾಸ್ಕಿನ ಗೆರೆ ದಾಟಿದ ತಕ್ಷಣ ಬೆರಳು ನಾಲ್ಕೂ ಮಾಯ. ಒಂದೊಂದು ಫ್ರೇಮಿನಲ್ಲೂ ಬೆರಳು ಬಿಡಿಸೋಕೆ ಕೂತೆ. ಮೂರು ಸಂಜೆ ಆದರೂ ನಾಲ್ಕು ಸೆಕೆಂಡ್ ಮುಗಿಯಲಿಲ್ಲ. ಅಂಚು ಬೇರೆ ನಡುಗುತ್ತಿತ್ತು.

ಮೂರನೇದು ನವೆಂಬರ್ 30ರಂದು ಆಕಸ್ಮಿಕವಾಗಿ ಸಿಕ್ಕಿತು. ಗೋಡೆಯ ಮೊಳೆ ಸಡಿಲಾಗಿ ಕನ್ನಡಿ ಒಂದು ಕಡೆ ಓರೆಯಾಗಿತ್ತು. ಫೋನಿನಲ್ಲಿ ನೋಡಿದರೆ ಅವನ ಬಿಂಬ ಅರ್ಧ ಇಲ್ಲ! ಓಡಿ ಹೋಗಿ ರಟ್ಟಿನ ಡಬ್ಬ ಹರಿದು, ಮಡಚಿ, ಕನ್ನಡಿಯ ಎಡಗಡೆ ಅಂಚಿನ ಹಿಂದೆ ತುರುಕಿದೆ. ಎರಡೂವರೆ ಸೆಂಟಿಮೀಟರ್ ದಪ್ಪ. ಅವನಿಗೆ ಒಂದಡಿ ಹಿಂದೆ ನಿಲ್ಲೋಕೆ ಹೇಳಿದೆ. ಬಿಂಬದಲ್ಲಿ ದೊಡ್ಡಮ್ಮ, ಅವರ ಪಕ್ಕದಲ್ಲಿ ಖಾಲಿ ತೆಂಗಿನ ಮರ. ಫ್ರೇಮಿನಲ್ಲಿ ಅವನು ಅವರ ಪಕ್ಕದಲ್ಲೇ ನಿಂತಿದ್ದಾನೆ. ಕನ್ನಡಿ ಮೂರು ಡಿಗ್ರಿ ಓರೆ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಕಂಪ್ಯೂಟರ್ ಕೆಲಸ ಇಲ್ಲ, ಖರ್ಚು ಸೊನ್ನೆ, ದೊಡ್ಡಮ್ಮ ಎಷ್ಟು ಹೊತ್ತು ಬೇಕಾದರೂ ಒರೆಸಬಹುದು. ಮೊದಲೇ ಒಂದು ಸಲ ಕನ್ನಡಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಇದೇ ದಿನಗಳಲ್ಲಿ ಕಂಟಿನ್ಯುಟಿ ತಪ್ಪೊಂದು ಕಣ್ಣಿಗೆ ಬಿತ್ತು. ದೊಡ್ಡಮ್ಮ ದಿನಾ ಬೆಳಿಗ್ಗೆ ಬಾಗಿಲು, ಹೊಸಿಲು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ‘ನಾಳೆ ಬಾ’ ಅಳಿಸಿಹೋಗುತ್ತಿತ್ತು. ಸಂಜೆ ಯಾರು ಕೈಗೆ ಸಿಕ್ಕರೋ ಅವರು ಮತ್ತೆ ಬರೆಯುತ್ತಿದ್ದೆವು. ಒಂದು ಶಾಟಿನಲ್ಲಿ ‘ಳೆ’ ಗುಂಡಗೆ, ಇನ್ನೊಂದರಲ್ಲಿ ಉದ್ದಕ್ಕೆ. ರಟ್ಟಿನಲ್ಲಿ ಅಕ್ಷರ ಕೊರೆದು ಅಚ್ಚು ಮಾಡಿಕೊಂಡೆವು. ಹಳೇ ಎರಡು ಶಾಟ್‌ಗಳನ್ನು ಅವಳು ದಿನಾ ಹೊಸದಾಗಿ ಬರೆಯುತ್ತಾಳೆ ಅನ್ನೋ ಹಾಗೆ ಕಥೆಯೊಳಗೇ ಸೇರಿಸಿದೆವು. ಅದಕ್ಕೆ ದೊಡ್ಡಮ್ಮ ಬಾಗಿಲು ಒರೆಸೋದನ್ನೂ ಒಂದು ಬೆಳಿಗ್ಗೆ ಚಿತ್ರೀಕರಿಸಿದೆ.

ಡಿಸೆಂಬರ್ 1: ಎರಡನೇ ಪ್ರಯತ್ನ, ಅದೂ ಆಗಲಿಲ್ಲ

ಕೊನೆಯನ್ನು ತಿರುಗಿಸಿ ಬರೆದು, ದೊಡ್ಡಮ್ಮನಿಗೆ “ಈಗ ಒಳಗೆ ಬಾ ಅನ್ನು” ಅಂದೆವು. ಅವರಿಗೆ ಗೊಂದಲ. ಅವತ್ತು ಬೇಡ ಅಂದವರು ಈಗ ಬೇಕು ಅಂತಿದ್ದಾರಲ್ಲ ಅಂತ. ಹನ್ನೊಂದು ಟೇಕ್ ಆಯಿತು. ಮಾತು ಸರಿ, ಆದರೆ ಕರೆದ ಹಾಗಿರಲಿಲ್ಲ. ಹೇಳಿ ಮಾಡಿಸಿದ್ದು ಹಾಗೇ ಕಾಣುತ್ತಿತ್ತು. ಅವರಿಗೂ ಸುಸ್ತಾಗಿತ್ತು. ಹತ್ತು ಗಂಟೆಗೆ ನಿಲ್ಲಿಸಿದೆ.

ಮನೆಗೆ ಹೊರಡುವಾಗ ತಂಗಿ ಫ್ರಿಜ್ಜಿನಿಂದ ಬೈಕ್ ಕೀ ತೆಗೆದು ಕೊಡುತ್ತಾ ಕೇಳಿದಳು: “ಮೊದ್ಲ ದಿನದ ಆಡಿಯೋ ನನ್ ಫೋನಲ್ಲಿ ಹಂಗೇ ಇದೆಯಲ್ಲ?”

ಒಂಬತ್ತು ದಿನದಿಂದ ನನಗೆ ಅದು ಹೊಳೆದೇ ಇರಲಿಲ್ಲ. ಅಲ್ಲೇ ಜಗಲಿ ಮೇಲೆ ಕೂತು ಕೇಳಿದೆವು. ಚಪ್ಪಾಳೆ. ‘ಟೇಕ್ ಒಂದು’. ಚಿಲಕದ ಸದ್ದು. ಆಮೇಲೆ ಆ ದನಿ.

ಡಿಸೆಂಬರ್ 7: ಕೊನೆಯ ಶಾಟ್

ದನಿ ಇದೆ, ಮುಖ ಇಲ್ಲ. ಹಾಗಾದರೆ ಕೇಳುವವನ ಮುಖ ತೋರಿಸೋಣ ಅಂದ ಗೆಳೆಯ.

ಕ್ಯಾಮೆರಾ ಹೊಸಿಲಿನ ಒಳಗೆ, ನೆಲದಿಂದ 140 ಸೆಂಟಿಮೀಟರ್ ಎತ್ತರ, ಅವನ ಮುಖದಿಂದ ಒಂದು ಮೀಟರ್ ದೂರ. ಬಾಗಿಲ ಹಿಂದೆ ಹಳದಿ ಬಲ್ಬ್, ಮುಂದೆ ದಪ್ಪ ಟವೆಲ್. ಬಾಗಿಲು ತೆರೆಯುವ ಹೊತ್ತಿಗೆ ನಾನು ಟವೆಲನ್ನು ನಿಧಾನಕ್ಕೆ ಎಳೆಯಬೇಕು, ಆಗ ಬೆಳಕು ಅವನ ಮುಖದ ಮೇಲೆ ಹರಡುತ್ತೆ. ಕ್ಯಾಮೆರಾ ಪಕ್ಕದಲ್ಲಿ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್. ಆ ಆಡಿಯೋ ಅವನಿಗೆ ಮೊದಲು ಕೇಳಿಸಿರಲಿಲ್ಲ. ಇವತ್ತು ಏನು ಮಾತು ಬರುತ್ತೆ ಅಂತಲೂ ಹೇಳಲಿಲ್ಲ. “ಬಾಗ್ಲು ತೆಗಿಯುತ್ತೆ, ನೋಡ್ತಾ ಇರು” ಅಂದೆವು ಅಷ್ಟೇ.

ಒಂದೇ ಟೇಕ್. “ಬಾ, ಒಳಗ್ ಬಾ” ಅನ್ನುವಾಗ ಅವನ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು. ನಂಬಲಾಗದವರ ಹಾಗೆ ಬಾಗಿಲ ಮೇಲಿನ ಬರಹವನ್ನು ಒಂದು ಸಲ ನೋಡಿದ, ಮತ್ತೆ ಒಳಗೆ ನೋಡಿದ. “ಊಟ ಆಯ್ತಾ?” ಅಂದಾಗ ತುಟಿ ತೆರೆಯಿತು. ಸಿನಿಮಾದಲ್ಲಿ ಹಲ್ಲು ಪೂರ್ತಿ ಕಾಣೋದು ಅಲ್ಲಿ ಮಾತ್ರ. 11 ಸೆಕೆಂಡ್. ಯಾರೂ ಕಟ್ ಅನ್ನಲಿಲ್ಲ. ಮೂರು ನಿಮಿಷ ಓಡಲು ಬಿಟ್ಟೆವು.

ಆಮೇಲೆ ದೊಡ್ಡಮ್ಮ ಒಳಗಿಂದ ಬಂದು ತಟ್ಟೆ ಇಡುವ ಕೈಯನ್ನು ಮಾತ್ರ ತೆಗೆದೆವು. ರಾಗಿ ಮುದ್ದೆ, ಅವರೆಕಾಳು ಸಾರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎಡಿಟಿಂಗ್ ಮತ್ತು ಖರ್ಚು

ಒಟ್ಟು 6 ಗಂಟೆ 20 ನಿಮಿಷದ ವಿಡಿಯೋ. ಎಡಿಟ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ಮೊದಲ ಕಟ್ 21 ನಿಮಿಷ ಇತ್ತು. ನೋಡಿದವರು ನಕ್ಕ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡೆವು. ಒಂದು ಬಿಟ್ಟು ಉಳಿದದ್ದೆಲ್ಲ ದೊಡ್ಡಮ್ಮ ತಾವಾಗಿ ಆಡಿದ ಮಾತುಗಳೇ. ನಾವು ಬರೆದ ಸಂಭಾಷಣೆಯಲ್ಲಿ ಮುಕ್ಕಾಲು ಭಾಗ ಕತ್ತರಿಸಿದೆವು.

ಖರ್ಚು: ಹಲ್ಲು 690. ರಕ್ತ 310. ಬಳಸದ ಮೇಲಂಗಿ 750. ಬೆಳಕು 1,480. ಮೈಕ್ 1,150. ಕನ್ನಡಿ ಮತ್ತು ಹಸಿರು ಬಟ್ಟೆ 1,140. ಪೆನ್‌ಡ್ರೈವ್ 750. ಟ್ರೈಪಾಡ್ ಬಾಡಿಗೆ ಐದು ದಿನಕ್ಕೆ 1,000. ಬಸ್ಸು, ಪೆಟ್ರೋಲ್ 3,400. ಊಟ, ತಿಂಡಿ, ಕಾಫಿ 6,200. ಒಟ್ಟು 16,870. ಊಟದ ಬಾಬತ್ತು ಜಾಸ್ತಿ ಅನ್ನಿಸಬಹುದು. ಐದು ರಾತ್ರಿ ದುಡ್ಡು ತಗೊಳ್ಳದೆ ಚಳಿಯಲ್ಲಿ ನಿಂತವರಿಗೆ ಬಿಸಿ ಊಟ ಹಾಕಿದ್ದು. ಅದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲ್ಲ.

ಸರಿಹೋಗದೆ ಉಳಿದದ್ದು ಮೂರು. ನಾಲ್ಕನೇ ನಿಮಿಷದಲ್ಲಿ ಒಂದು ಶಾಟಿನ ನೀಲಿ ಬೇರೆಯೇ ಇದೆ, ಜಿಲೇಟಿನ್ ಪೇಪರ್ ಬಲ್ಬಿನ ಬಿಸಿಗೆ ಬಣ್ಣ ಬಿಟ್ಟಿತ್ತು. ರಂಗೋಲಿ ದೃಶ್ಯದಲ್ಲಿ ಮೈಕಿನ ವೈರು ಅರ್ಧ ಸೆಕೆಂಡ್ ಕಾಣುತ್ತೆ. ಮೂರನೇದು, ಕೊನೆಯ ಶಾಟಿನಲ್ಲಿ “ಬಾ, ಒಳಗ್ ಬಾ” ಮತ್ತು “ಊಟ ಆಯ್ತಾ” ನಡುವೆ ದೂರದಲ್ಲಿ ಅರಸೀಕೆರೆ ಕಡೆಗೆ ಹೋಗುವ ರೈಲಿನ ಹಾರ್ನ್ ಇದೆ. ತೆಗೆಯೋಕೆ ನೋಡಿದೆ, ದೊಡ್ಡಮ್ಮನ ದನಿಯೂ ಜೊತೆಗೆ ತೆಳ್ಳಗಾಯಿತು. ಹಾಗೇ ಬಿಟ್ಟಿದ್ದೇನೆ. ಅವರು ಆ ಎರಡು ಮಾತಿನ ನಡುವೆ ಸುಮ್ಮನಿದ್ದದ್ದು ರೈಲು ದಾಟಲಿ ಅಂತ.